ನಿರ್ಧಾರದ ದಣಿವು: ಯಾರ ತಲೆಗೆ ಎಷ್ಟು ಹೊರೆ?



ದತ್ತಿ ಉಪನ್ಯಾಸವೆಂದರೆ ಏನಾದರೂ ಗಹನವಾದದ್ದು ಇರಬೇಕೆಂದು ಜನ ನಿರೀಕ್ಷಿಸುತ್ತಾರೆ. ನಾನು ಆರಿಸಿಕೊಂಡಿರುವುದು ತೀರಾ ದಿನನಿತ್ಯದ ವಿಷಯ. ಹಗಲೆಲ್ಲ ಬ್ಯಾಂಕಿನಲ್ಲಿ ಕೂತು ಲಕ್ಷಾಂತರ ರೂಪಾಯಿ ಸಾಲದ ಅರ್ಜಿಗಳನ್ನು ಕೊಡಬಹುದು, ಕೊಡಬಾರದು ಎಂದು ವಿಂಗಡಿಸಿದ ಅಧಿಕಾರಿಯೊಬ್ಬಳು ರಾತ್ರಿ ಎಂಟು ಗಂಟೆಗೆ ಫ್ರಿಜ್ಜಿನ ಬಾಗಿಲು ತೆಗೆದು, ಬೀನ್ಸೋ ಬದನೆಕಾಯಿಯೋ ತಿಳಿಯದೆ ನಿಂತುಬಿಡುತ್ತಾಳೆ. ಅವಳಿಗೆ ಅಡುಗೆ ಚೆನ್ನಾಗಿಯೇ ಬರುತ್ತದೆ. ಮೈಯಲ್ಲಿ ತ್ರಾಣವೂ ಇದೆ. ಯಾರಾದರೂ "ಬದನೆಕಾಯಿ ಎಣ್ಣೆಗಾಯಿ ಮಾಡೋಣ" ಅಂದರೆ ಆ ಕ್ಷಣವೇ ಈಳಿಗೆಮಣೆ ಎಳೆದುಕೊಳ್ಳುತ್ತಾಳೆ. ಆ ಒಂದು ಮಾತನ್ನು ತಾನೇ ಆಡಿಕೊಳ್ಳುವಷ್ಟು ಮನಸ್ಸು ಮಾತ್ರ ಉಳಿದಿಲ್ಲ.

ಇದನ್ನೇ ನಿರ್ಧಾರದ ದಣಿವು ಎನ್ನುತ್ತಾರೆ. ಇದು ಕಾಣಿಸಿಕೊಳ್ಳುವ ಬಗೆಗಳು ನಿಮಗೆ ಹೊಸತೇನಲ್ಲ. ನಾಳೆ ನೋಡೋಣ ಎಂದು ಮುಂದಕ್ಕೆ ಹಾಕುವುದು ಒಂದು. ಕಣ್ಣಿಗೆ ಮೊದಲು ಬಿದ್ದದ್ದನ್ನು ಎತ್ತಿಕೊಂಡು ಮುಗಿಸಿಬಿಡುವುದು ಇನ್ನೊಂದು. ಇದ್ದದ್ದು ಇದ್ದ ಹಾಗೇ ಇರಲಿ ಎನ್ನುವುದು ಮತ್ತೊಂದು. ಕೊನೆಯದು ಸಿಡುಕು. "ಶಾಲೆಯಿಂದ ಹಂಪಿಗೆ ಕರಕೊಂಡು ಹೋಗ್ತಾರಂತೆ, ಹೋಗ್ಲಾ?" ಎಂದು ಮಗ ಬೆಳಿಗ್ಗೆ ಕೇಳಿದ್ದರೆ ನಾಲ್ಕು ಪ್ರಶ್ನೆ ಕೇಳಿ ಹೂಂ ಎನ್ನುತ್ತಿದ್ದ ತಾಯಿ, ರಾತ್ರಿ ಕೇಳಿದರೆ "ಏನೂ ಬೇಡ" ಎಂದುಬಿಡುತ್ತಾಳೆ. ಮಕ್ಕಳು ಬುದ್ಧಿವಂತರು, ಹೊತ್ತು ನೋಡಿಯೇ ಬಾಯಿ ತೆರೆಯುತ್ತಾರೆ.

ಮನಶ್ಶಾಸ್ತ್ರದ ಪಾಠ ಹೇಳಿಕೊಂಡು ಬಂದವಳಾದ್ದರಿಂದ ಮೊದಲು ವಿಜ್ಞಾನದ ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯ. 1998ರಲ್ಲಿ ಅಮೆರಿಕದ ರಾಯ್ ಬೌಮೈಸ್ಟರ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಹೊತ್ತಿನ ಊಟ ಬಿಟ್ಟು ಬಂದ ವಿದ್ಯಾರ್ಥಿಗಳನ್ನು ಕೋಣೆಯೊಳಗೆ ಕೂರಿಸಿದರು. ಕೋಣೆಯ ತುಂಬ ಆಗತಾನೇ ಬೇಯಿಸಿದ ಚಾಕೊಲೇಟ್ ಕುಕೀಸಿನ ವಾಸನೆ. ಮೇಜಿನ ಮೇಲೆ ಒಂದು ಕಡೆ ಅದೇ ಕುಕೀಸು, ಇನ್ನೊಂದು ಕಡೆ ಹಸಿ ಮೂಲಂಗಿ. ಕೆಲವರಿಗೆ ಕುಕೀಸು ತಿನ್ನಲು ಹೇಳಿದರು, ಕೆಲವರಿಗೆ ಮೂಲಂಗಿ ಬಿಟ್ಟು ಬೇರೇನೂ ಮುಟ್ಟಬಾರದೆಂದರು. ಬಳಿಕ ಎಲ್ಲರಿಗೂ ಬಿಡಿಸಲಾಗದಂಥ ಒಗಟೊಂದನ್ನು ಕೊಟ್ಟರು. ಕುಕೀಸು ತಿಂದವರು ಸುಮಾರು 19 ನಿಮಿಷ ಪಟ್ಟುಹಿಡಿದು ಕೂತರು. ಮೂಲಂಗಿಯವರು ಸುಮಾರು 8 ನಿಮಿಷಕ್ಕೇ ಕೈಚೆಲ್ಲಿದರು. ಮನಸ್ಸನ್ನು ಹಿಡಿದಿಡುವ ಶಕ್ತಿ ಒಂದು ಗಂಟು, ಖರ್ಚು ಮಾಡಿದಷ್ಟೂ ಕರಗುತ್ತದೆ ಎಂಬ ವಾದ ಇಲ್ಲಿಂದ ಹುಟ್ಟಿತು. ಆರಿಸುವ ಕೆಲಸವೂ ಅದೇ ಗಂಟಿನಿಂದ ಖರ್ಚಾಗುತ್ತದೆ ಎಂದು 2008ರಲ್ಲಿ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು ಬರೆದರು.

ಜಗತ್ತೆಲ್ಲ ಕಿವಿಯರಳಿಸಿದ್ದು ಮಾತ್ರ 2011ರಲ್ಲಿ. ಇಸ್ರೇಲಿನ ಕೈದಿಗಳು ಪೆರೋಲ್ ಕೇಳಿ ಸಲ್ಲಿಸಿದ ಅರ್ಜಿಗಳ ಮೇಲೆ 8 ಮಂದಿ ನ್ಯಾಯಾಧೀಶರು ಕೊಟ್ಟ 1,112 ತೀರ್ಪುಗಳನ್ನು ಸಂಶೋಧಕರು ಗಂಟೆಯ ಲೆಕ್ಕದಲ್ಲಿ ಜೋಡಿಸಿ ನೋಡಿದರು. ಕಲಾಪ ಶುರುವಾದಾಗ ಶೇಕಡಾ 65ರಷ್ಟು ಅರ್ಜಿಗಳಿಗೆ ಅನುಕೂಲ ತೀರ್ಪು. ಹೊತ್ತು ಏರಿದಂತೆ ಇಳಿಯುತ್ತ ಇಳಿಯುತ್ತ ಸೊನ್ನೆಯ ಹತ್ತಿರ. ನ್ಯಾಯಾಧೀಶರು ತಿಂಡಿ ತಿಂದು ಬಂದರೋ, ಮತ್ತೆ 65! ಕೈದಿಯ ಬಿಡುಗಡೆ ನ್ಯಾಯಾಧೀಶರ ತಿಂಡಿ ತಟ್ಟೆಯಲ್ಲಿದೆ ಎಂಬಂತೆ ಪತ್ರಿಕೆಗಳು ಬರೆದವು. ಈಗಲೂ ಆಡಳಿತ ತರಬೇತಿಯ ಭಾಷಣಗಳಲ್ಲಿ ಈ ಕಥೆ ಬಾರದೆ ಇರುವುದಿಲ್ಲ.

ಆ ಭಾಷಣಗಳಲ್ಲಿ ಕಥೆಯ ಉತ್ತರಾರ್ಧ ಮಾತ್ರ ಬರುವುದಿಲ್ಲ. ಅದೇ ವರ್ಷ ಇನ್ನಿಬ್ಬರು ಸಂಶೋಧಕರು ಒಂದು ಸರಳ ಸಂಗತಿ ತೋರಿಸಿಕೊಟ್ಟರು. ಅರ್ಜಿಗಳು ಬರುತ್ತಿದ್ದ ಸರದಿ ಯದ್ವಾತದ್ವಾ ಇರಲಿಲ್ಲ. ವಕೀಲರಿಲ್ಲದ ಕೈದಿಗಳ ಅರ್ಜಿಗಳು ಪ್ರತಿ ಕಲಾಪದ ಕೊನೆಗೆ ಬರುತ್ತಿದ್ದವು, ಅಂಥವರಿಗೆ ಯಾವ ಹೊತ್ತಿನಲ್ಲೂ ಪೆರೋಲ್ ಸಿಗುವುದು ಕಷ್ಟವೇ. ಇನ್ನು ಮನಶ್ಶಕ್ತಿಯ ಗಂಟಿನ ಸಿದ್ಧಾಂತ? 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಸಿಕ್ಕಿತು. 2021ರಲ್ಲಿ, ಸ್ವತಃ ವೋಸ್ ಅವರ ಮುಂದಾಳುತನದಲ್ಲಿ 36 ಪ್ರಯೋಗಾಲಯಗಳು ಮತ್ತೆ ಪ್ರಯತ್ನಿಸಿದವು. ಆಗಲೂ ಹೆಚ್ಚೇನೂ ಗಿಟ್ಟಲಿಲ್ಲ. ತಾನು ಕಟ್ಟಿದ ವಾದವನ್ನು ತಾನೇ ಒರೆಗೆ ಹಚ್ಚಿ, ಬಂದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸುವುದು ಸಣ್ಣ ಮಾತಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥದ್ದು ಎಷ್ಟು ನಡೆಯುತ್ತದೆ ಎಂದು ನಾನು ಇಲ್ಲಿ ಕೇಳುವುದಿಲ್ಲ.

ಹಾಗಾದರೆ ಫ್ರಿಜ್ಜಿನ ಮುಂದೆ ನಿಂತ ಆ ಹೆಂಗಸಿನ ದಣಿವು ಸುಳ್ಳೇ? ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಹತ್ತು ನಿಮಿಷ ಕೊಡುವ ಕಸರತ್ತಿಗೂ ದಿನವಿಡೀ, ವರ್ಷವಿಡೀ ತಲೆಯಲ್ಲಿ ಹೊತ್ತು ತಿರುಗುವ ಲೆಕ್ಕಾಚಾರಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಸಂಶೋಧನೆ ಬಿದ್ದುಹೋದದ್ದು ಮನಸ್ಸಿನ ಶಕ್ತಿಯನ್ನು ಮೊಬೈಲಿನ ಚಾರ್ಜಿನಂತೆ ಅಳೆಯಬಹುದೆಂಬ ಕಡೆ. ಆದ್ದರಿಂದ "ಸಕ್ಕರೆ ನೀರು ಕುಡಿಯಿರಿ, ಇಚ್ಛಾಶಕ್ತಿ ತುಂಬಿಕೊಳ್ಳುತ್ತದೆ" ಎಂಬಂಥ ಸಲಹೆಗಳನ್ನು ಪುಸ್ತಕದಂಗಡಿಯಲ್ಲೇ ಬಿಟ್ಟುಬನ್ನಿ. ದಣಿವು ನಿಜ. ಅದರ ಬೇರು ಎಲ್ಲಿದೆ ಎಂಬುದನ್ನು ಬೇರೆ ಕಡೆ ಹುಡುಕಬೇಕು.

ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ, ಪಕ್ಕದ ತಮಿಳುನಾಡಿಗೆ ಹೋದರೆ ಸಾಕು. ಆನಂದಿ ಮಣಿ, ಸೆಂದಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್ ಮತ್ತು ಜಿಯಾಯಿಂಗ್ ಜಾವೋ 2013ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ವಿಳುಪ್ಪುರಂ ಮತ್ತು ತಿರುವಣ್ಣಾಮಲೈ ಸೀಮೆಯ 54 ಹಳ್ಳಿಗಳ 464 ಕಬ್ಬು ಬೆಳೆಗಾರರ ನಡುವೆ. ಕಬ್ಬನ್ನೇ ಏಕೆ ಆರಿಸಿಕೊಂಡರೆಂಬುದು ಮಂಡ್ಯದವರಿಗೂ ಬೆಳಗಾವಿಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ರೈತನಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕಟಾವಾದ ಮೇಲೆ. ಕಟಾವು ಯಾವಾಗ ಎಂಬುದು ಅವನ ಕೈಯಲ್ಲಿಲ್ಲ, ಕಾರ್ಖಾನೆಯ ಕೈಯಲ್ಲಿದೆ. ಹೀಗಾಗಿ ಅಕ್ಕಪಕ್ಕದ ಹೊಲದ ಇಬ್ಬರಲ್ಲಿ ಒಬ್ಬನಿಗೆ ಈ ತಿಂಗಳು ಹಣ ಬಂದಿರುತ್ತದೆ, ಇನ್ನೊಬ್ಬ ಇನ್ನೂ ಕಾಯುತ್ತಿರುತ್ತಾನೆ. ಸಂಶೋಧಕರು ಅದೇ ರೈತನನ್ನು ಕಟಾವಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೂರಿಸಿ, ತರ್ಕದ ಚಿತ್ರ-ಒಗಟುಗಳನ್ನು ಕೊಟ್ಟರು. ಆಳು ಅದೇ, ವಿದ್ಯೆ ಅದೇ. ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ, ತಪ್ಪುಗಳು ಹೆಚ್ಚು. ಹಣ ಬಂದ ಮೇಲೆ ಅವನೇ ಚುರುಕು.

ಕಟಾವಿಗೆ ಮುಂಚಿನ ಆ ರೈತನ ತಲೆಯೊಳಗೆ ಏನೇನು ನಡೆಯುತ್ತಿರುತ್ತದೆ ಎಂದು ಸ್ವಲ್ಪ ಊಹಿಸಿಕೊಳ್ಳಿ. ಅಂಗಡಿಯ ಬಾಕಿಯನ್ನು ಮೊದಲು ತೀರಿಸುವುದೋ ಸೊಸೈಟಿಯ ಕಂತನ್ನೋ. ಹೆಂಡತಿಯ ಓಲೆ ಅಡವಿಡುವುದೋ, ಭಾವಮೈದುನನ ಹತ್ತಿರ ಕೇಳುವುದೋ. ಮಗಳ ಕಾಲೇಜಿನ ಫೀಜಿಗೆ ಇನ್ನೆರಡು ವಾರ ತಡೆಯಬಹುದೋ ಇಲ್ಲವೋ. ಕೈಯಲ್ಲಿ ದುಡ್ಡಿದ್ದವನಿಗೆ ಇವು ನಿರ್ಧಾರಗಳೇ ಅಲ್ಲ, ಕೊಟ್ಟು ಮುಗಿಸುವ ಬಾಬತ್ತುಗಳು. ಇಲ್ಲದವನಿಗೆ ಒಂದೊಂದೂ ತೂಗಿ ನೋಡಬೇಕಾದ ಸಂಗತಿ, ಅದೂ ದಿನಾ. ಬಡವರಿಗೆ ಹಣ ನಿಭಾಯಿಸಲು ಬರುವುದಿಲ್ಲ ಎಂದು ಹೇಳಿಬಿಡುವುದು ನಮ್ಮ ಮಧ್ಯಮ ವರ್ಗದ ಅಭ್ಯಾಸ. ನಿಜವಾಗಿ ಅವರು ನಮಗಿಂತ ಎಷ್ಟೋ ಪಾಲು ಹೆಚ್ಚು ನಿಭಾಯಿಸುತ್ತಿರುತ್ತಾರೆ, ಅದಕ್ಕೇ ಸುಸ್ತಾಗಿರುತ್ತಾರೆ.

ಇಲ್ಲಿಗೆ ನನ್ನ ವಾದದ ತಿರುಳು ಬಂತು. ನಿರ್ಧಾರದ ದಣಿವನ್ನು ಒಬ್ಬೊಬ್ಬರ ಮನೋಬಲದ ಕೊರತೆಯೆಂದು ನೋಡುವುದು ಬಿಟ್ಟು, ಹಂಚಿಕೆಯ ಪ್ರಶ್ನೆಯೆಂದು ನೋಡಬೇಕು. ಯಾರ ಪಾಲಿಗೆ ಎಷ್ಟು ತೀರ್ಮಾನಗಳು ಬೀಳುತ್ತಿವೆ? ಅವುಗಳಲ್ಲಿ ಎಷ್ಟನ್ನು ದಿನಾ ಮಾಡಲೇಬೇಕು? ಎಷ್ಟನ್ನು ಒಂದು ಸಲ ಮಾಡಿ ಕೈಬಿಡಬಹುದು? ಎಷ್ಟು ಬೇರೊಬ್ಬರು ತಮ್ಮ ಲಾಭಕ್ಕೆ ನಮ್ಮ ಮೇಲೆ ಹೇರಿದವು?

ಬರಾಕ್ ಒಬಾಮಾ ಅಮೆರಿಕದ ಅಧ್ಯಕ್ಷರಾಗಿದ್ದಾಗ, 2012ರ ಒಂದು ಸಂದರ್ಶನದಲ್ಲಿ, ತಾವು ಬೂದು ಇಲ್ಲವೇ ನೀಲಿ ಸೂಟು ಮಾತ್ರ ತೊಡುವುದಾಗಿ, ತಿನ್ನುವ ಉಡುವ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳದಿರುವುದಾಗಿ ಹೇಳಿದ್ದರು. ಅದನ್ನು ಓದಿದ ಎಷ್ಟೋ ತರುಣರು ಒಂದೇ ಬಣ್ಣದ ಆರು ಶರ್ಟು ಹೊಲಿಸಿಕೊಂಡರು. ಹೊಲಿಸಿಕೊಳ್ಳಲಿ, ತಪ್ಪಿಲ್ಲ. ಆದರೆ ಅಧ್ಯಕ್ಷರ ಊಟದ ಚಿಂತೆ ಮಾಯವಾಗಿದ್ದು ಅವರ ಸೂಟಿನ ಬಣ್ಣದಿಂದಲ್ಲ. ಶ್ವೇತಭವನದ ಅಡುಗೆಮನೆಯಲ್ಲಿ ಆ ಚಿಂತೆಯನ್ನು ಹೊತ್ತುಕೊಂಡವರು ಬೇರೆ ಇದ್ದರು. ದೊಡ್ಡವರ ನಿರಾಳದ ಹಿಂದೆ ಸಾಮಾನ್ಯವಾಗಿ ಯಾರದೋ ತಲೆಬಿಸಿ ಇರುತ್ತದೆ.

ನಮ್ಮ ಹಳೆಯ ಮನೆಗಳಲ್ಲಿ ಒಂದು ಸಲ ತೀರ್ಮಾನಿಸಿ ಕೈಬಿಡುವ ವಿದ್ಯೆ ಚೆನ್ನಾಗಿಯೇ ಇತ್ತು. ಕೋಲಾರ, ಮಂಡ್ಯದ ಕಡೆ ಮುದ್ದೆ, ಬಯಲುಸೀಮೆಯ ಉತ್ತರಕ್ಕೆ ರೊಟ್ಟಿ. ಊಟದ ಮುಕ್ಕಾಲು ಪಾಲು ಪ್ರಶ್ನೆಯೇ ಅಲ್ಲ, ಉಳಿದದ್ದು ಇವತ್ತಿನ ಸಾರೋ ಪಲ್ಯವೋ ಅಷ್ಟೆ. ಅದನ್ನೂ ವಾರದ ಸಂತೆಯೇ ನಿರ್ಧರಿಸುತ್ತಿತ್ತು. ಸಂತೆಗೆ ಅವರೆ ಬಂದರೆ ಮನೆಯಲ್ಲಿ ಅವರೆ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಅದನ್ನು ವ್ರತವೆಂದು ಪಾಲಿಸುವವರು ಪಾಲಿಸುತ್ತಾರೆ. ನನ್ನಂಥವಳ ಕಣ್ಣಿಗೆ ಅದು ನಾಲ್ಕು ತಿಂಗಳ ಅಡುಗೆಯ ಅರ್ಧ ತೀರ್ಮಾನವನ್ನು ಪಂಚಾಂಗವೇ ಮಾಡಿಕೊಟ್ಟ ಹಾಗೂ ಕಾಣುತ್ತದೆ. ಸೋಮವಾರ ಇದು, ಶನಿವಾರ ಒಪ್ಪತ್ತು ಎಂಬ ಕಟ್ಟುಗಳೂ ಹಾಗೆಯೇ. ಅಕ್ಷರ ದಾಸೋಹದ ಶಾಲಾ ಅಡುಗೆಮನೆಗಳಲ್ಲಿ ವಾರದ ಯಾವ ದಿನ ಏನು ಎಂಬ ಪಟ್ಟಿ ಇರುತ್ತದೆ. ನೂರಾರು ಮಕ್ಕಳಿಗೆ ಬೇಯಿಸುವ ಅಕ್ಕಂದಿರು ಬೆಳಿಗ್ಗೆ ಎದ್ದು ಇವತ್ತೇನು ಮಾಡಲಿ ಎಂದು ಕೂರುವಂತಿದ್ದರೆ ಮಕ್ಕಳಿಗೆ ಮಧ್ಯಾಹ್ನ ಊಟ ಸಿಗುತ್ತಿತ್ತೇ?

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನಲಾರೆ. ಅದೇ ಕಟ್ಟು ಊಟದಲ್ಲಿ ನಿಲ್ಲಲಿಲ್ಲ. ಯಾರು ಓದಬೇಕು, ಯಾರನ್ನು ಮದುವೆಯಾಗಬೇಕು, ಯಾರ ಮನೆಯೊಳಗೆ ಯಾರು ಕಾಲಿಡಬಾರದು ಎಂಬುದನ್ನೂ ಅದೇ ತೀರ್ಮಾನಿಸಿತು. ಈ ಸಭೆಯಲ್ಲಿ ಕೂತಿರುವ ನಾವು ಎಷ್ಟೋ ಹೆಂಗಸರು, ಎಷ್ಟೋ ಜನ ಗಂಡಸರು ಕೂಡ, ಅಂಥ ಕಟ್ಟೊಂದನ್ನು ಮುರಿದೇ ಇಲ್ಲಿಯವರೆಗೆ ಬಂದವರು. ಆಯ್ಕೆಯಿಲ್ಲದ ಬದುಕಿನಲ್ಲಿ ಈ ದಣಿವು ಇರಲಿಲ್ಲ, ನಿಜ. ಇದ್ದ ದಣಿವು ಬೇರೆ ಬಗೆಯದು, ಇದಕ್ಕಿಂತ ಕೆಟ್ಟದ್ದು. ಆದ್ದರಿಂದ ನನ್ನ ಸಲಹೆ ಇಷ್ಟು: ಕಟ್ಟನ್ನು ನಾವೇ ಹಾಕಿಕೊಳ್ಳೋಣ, ಬೇಕೆಂದಾಗ ನಾವೇ ಬಿಚ್ಚೋಣ, ಅದು ಬೇಳೆ-ತರಕಾರಿಯ ಮಟ್ಟದಲ್ಲಿರಲಿ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಮನೆಯವರೆಲ್ಲ ಕೂತು ವಾರದ ಅಡುಗೆ ಗೊತ್ತುಮಾಡಿ, ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರೆ ಸಂಜೆ ಎಂಟರ ಗಂಡಾಂತರ ಮುಕ್ಕಾಲು ಭಾಗ ತಪ್ಪುತ್ತದೆ. ಬುಧವಾರ ಮನಸ್ಸು ಬದಲಾದರೆ ಬದಲಾಯಿಸಿಕೊಳ್ಳಿ, ಪೊಲೀಸರೇನೂ ಬರುವುದಿಲ್ಲ.

ಆಯ್ಕೆ ಹೆಚ್ಚಾದಷ್ಟೂ ಮನುಷ್ಯ ಕಂಗೆಡುತ್ತಾನೆ ಎಂಬುದಕ್ಕೆ ಎಲ್ಲರೂ ಹೇಳುವ ಉದಾಹರಣೆ ಜಾಮಿನದು. ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ 24 ಬಗೆ ಜಾಮ್ ರುಚಿ ನೋಡಲು ಇಟ್ಟಾಗ ನಿಂತವರಲ್ಲಿ ಕೊಂಡವರು ಶೇಕಡಾ 3, ಬರೀ 6 ಬಗೆ ಇಟ್ಟಾಗ ಶೇಕಡಾ 30. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ್ದು. ಆಮೇಲೆ ಇಂಥ 50 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಆಸುಪಾಸು ಬಂತು. ಅಂದರೆ ಕೆಲವೊಮ್ಮೆ ಹೆಚ್ಚು ಆಯ್ಕೆ ಕಂಗೆಡಿಸುತ್ತದೆ, ಕೆಲವೊಮ್ಮೆ ಖುಷಿ ಕೊಡುತ್ತದೆ. ಯಾವಾಗ ಯಾವುದು ಎಂಬುದನ್ನು ತಿಳಿಯಲು ಕ್ಯಾಲಿಫೋರ್ನಿಯಾ ಬೇಡ, ಮದುವೆ ಸೀಜನ್ನಿನಲ್ಲಿ ಯಾವುದೇ ಸೀರೆ ಅಂಗಡಿಗೆ ಹೋಗಿ.

ಬಿಳಿ ಹಾಸಿನ ಮೇಲೆ ಕೂತ ಅಂಗಡಿಯಾತ ಸೀರೆ ಮೇಲೆ ಸೀರೆ ಬಿಚ್ಚಿ ಹರಡುತ್ತಿರುತ್ತಾನೆ. ಈ ಕಡೆ ಅತ್ತೆ, ಸೊಸೆ, ಅತ್ತಿಗೆ, ಜೊತೆಗೆ "ನೋಡೋಕೆ ಬಂದೆ ಅಷ್ಟೆ" ಎನ್ನುವ ಪಕ್ಕದ ಮನೆಯವರು. "ಇದೇ ಅಂಚಿನಲ್ಲಿ ಬೇರೆ ಬಣ್ಣ ಇಲ್ವಾ?" "ಇದೇ ಬಣ್ಣದಲ್ಲಿ ಸಣ್ಣ ಅಂಚು?" ಅರವತ್ತು ಸೀರೆ ರಾಶಿ ಬಿದ್ದ ಮೇಲೆ ಯಾರಿಗೂ ಯಾವುದೂ ನೆನಪಿರುವುದಿಲ್ಲ. ಯಜಮಾನರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾರೆ. ಕೊನೆಗೆ ಯಾರೋ ಒಬ್ಬರು, "ಮೊದಲು ತೋರಿಸಿದ್ರಲ್ಲ, ಆ ನೇರಳೆ, ಅದೇ ಕೊಟ್ಟುಬಿಡಿ." ಅದೇ ಅಂಗಡಿಗೆ ಇನ್ನೊಬ್ಬಾಕೆ ಬರುತ್ತಾಳೆ. "ಎಂಟು ಸಾವಿರದೊಳಗೆ, ಹಸಿರು ಬೇಡ, ಹಗುರವಾಗಿರಬೇಕು, ಅಮ್ಮನಿಗೆ." ಅಂಗಡಿಯಾತ ಐದು ಸೀರೆ ತೆಗೆಯುತ್ತಾನೆ, ಅವಳು ಎರಡನ್ನು ಪಕ್ಕಕ್ಕಿಟ್ಟು ಅವೆರಡನ್ನೇ ಬಾಗಿಲ ಬೆಳಕಿಗೆ ಒಯ್ದು ನೋಡಿ ಒಂದನ್ನು ಕಟ್ಟಿಸಿಕೊಂಡು ಹೊರಡುತ್ತಾಳೆ. ಅಂಗಡಿಯಲ್ಲಿದ್ದ ಸೀರೆಗಳು ಇಬ್ಬರಿಗೂ ಅಷ್ಟೇ. ತನಗೇನು ಬೇಕೆಂದು ಗೊತ್ತಿಲ್ಲದೆ ಒಳಗೆ ಹೋದವರನ್ನು ರಾಶಿ ನುಂಗಿತು.

ಈ ಎರಡನೆಯಾಕೆ ಮಾಡಿದ್ದಕ್ಕೆ ಶಾಸ್ತ್ರೀಯ ಅಡಿಪಾಯ ಹಾಕಿದವರು ಹರ್ಬರ್ಟ್ ಸೈಮನ್, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅತ್ಯುತ್ತಮವಾದದ್ದನ್ನೇ ಹುಡುಕಿ ತೆಗೆಯುವಷ್ಟು ಹೊತ್ತೂ ಮಾಹಿತಿಯೂ ಮನುಷ್ಯನಿಗೆ ಎಂದೂ ಇರುವುದಿಲ್ಲ; ತನಗೆ ಇಷ್ಟಿದ್ದರೆ ಸಾಕು ಎಂಬ ಮಟ್ಟವನ್ನು ಮೊದಲೇ ಗೊತ್ತುಮಾಡಿಕೊಂಡು, ಅದನ್ನು ದಾಟಿದ ಮೊದಲನೆಯದನ್ನು ಆರಿಸಿ ಮುಂದೆ ಹೋಗುವುದೇ ಜಾಣತನ ಎಂದರು. ಪ್ರೆಷರ್ ಕುಕ್ಕರಿಗೆ ಇಂಟರ್‌ನೆಟ್ಟಿನಲ್ಲಿ ನಾನೂರು ವಿಮರ್ಶೆ ಓದುವ ನನ್ನ ಬಂಧುಗಳಿಗೆ ನಾನು ಹೇಳುವುದೂ ಇದನ್ನೇ. ಅವರು ಕೇಳುವುದಿಲ್ಲ.

ಈಗ ಒಂದು ದೊಡ್ಡ ತೀರ್ಮಾನದ ಮಾತು. ಪ್ರತಿ ವರ್ಷ ಸಿಇಟಿ ಫಲಿತಾಂಶ ಬಂದ ಮೇಲೆ ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿ! ಒಂದೊಂದು ಕಾಲೇಜು, ಅದರೊಳಗೆ ಒಂದೊಂದು ಕೋರ್ಸು, ಎಲ್ಲಕ್ಕೂ ಕ್ರಮಸಂಖ್ಯೆ ಕೊಡಬೇಕು. ಅಪ್ಪ ಹೋದ ವರ್ಷದ ಕಟಾಫ್ ರ‍್ಯಾಂಕುಗಳ ಪಟ್ಟಿ ಹಿಡಿದು ಕೂತಿರುತ್ತಾನೆ. ಬೆಂಗಳೂರಿನ ಚಿಕ್ಕಪ್ಪ ಫೋನಿನಲ್ಲಿ "ಸಿಎಸ್ ಬಿಟ್ಟು ಬೇರೇನೂ ಹಾಕಬೇಡಿ" ಎನ್ನುತ್ತಾನೆ. ಹುಡುಗಿ ಅಳುವುದೊಂದು ಬಾಕಿ. ಅಣಕು ಹಂಚಿಕೆ ಬಂದಾಗ ಎಲ್ಲವನ್ನೂ ಕೆಡವಿ ಮತ್ತೆ ಕಟ್ಟುತ್ತಾರೆ. ನಿಜವಾದ ಹಂಚಿಕೆ ಆದ ಮೇಲೆ ನಾಲ್ಕು ಚಾಯ್ಸುಗಳು: ಸೀಟು ಒಪ್ಪಿ ಸೇರುವುದು, ಒಪ್ಪಿಕೊಂಡೇ ಇನ್ನೂ ಉತ್ತಮವಾದದ್ದಕ್ಕೆ ಮುಂದಿನ ಸುತ್ತಿಗೆ ಕಾಯುವುದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಅಷ್ಟು ಹೊತ್ತಿಗೆ ಮನೆಯವರೆಲ್ಲ ಹೈರಾಣಾಗಿರುತ್ತಾರೆ, ಮುಖ್ಯವಾದ ಈ ತೀರ್ಮಾನ ಮಾತ್ರ ಆಗ ಬಂದು ಎದುರಿಗೆ ನಿಲ್ಲುತ್ತದೆ.

ಇಲ್ಲಿ ಖರ್ಚಾಗುವ ತಲೆಬಿಸಿಯ ದೊಡ್ಡ ಪಾಲು ಅನಗತ್ಯ. ಸೀಟು ಹಂಚಿಕೆ ನಡೆಯುವುದು ರ‍್ಯಾಂಕಿನ ಸರದಿಯಲ್ಲಿ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತಾರೆ. ಆದ್ದರಿಂದ ಸಿಗುವುದು ಕಷ್ಟವೆನಿಸಿದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುತ್ತದೆ ಎಂಬ ಹೆದರಿಕೆಗೆ ಅರ್ಥವಿಲ್ಲ. ಕಟಾಫ್ ಲೆಕ್ಕ ಹಾಕಿ ಚಾಣಾಕ್ಷತನ ತೋರಿಸುವ ಅಗತ್ಯವೂ ಇಲ್ಲ. ಹೆಚ್ಚು ಬೇಕಾದದ್ದು ಮೇಲೆ, ಕಡಿಮೆ ಬೇಕಾದದ್ದು ಕೆಳಗೆ, ಸಿಕ್ಕರೂ ಸೇರಲಾರೆವು ಎನ್ನುವಂಥದ್ದು ಪಟ್ಟಿಯಲ್ಲೇ ಬೇಡ. ಲಾಗಿನ್ ಆಗುವ ಮೊದಲು ಮೂರು ವಿಷಯ ಮಾತಾಡಿ ಮುಗಿಸಿಕೊಳ್ಳಿ: ವರ್ಷಕ್ಕೆ ಎಷ್ಟು ಶುಲ್ಕ ಕಟ್ಟಬಲ್ಲೆವು, ಹಾಸ್ಟೆಲ್ಲಿಗೆ ಕಳಿಸುತ್ತೇವೋ ಇಲ್ಲವೋ, ಮಗುವಿಗೆ ಸುತರಾಂ ಬೇಡವಾದ ಕೋರ್ಸು ಯಾವುದು. ನೂರಾರು ಆಯ್ಕೆಗಳು ಅಲ್ಲೇ ಉದುರಿಹೋಗುತ್ತವೆ. ಉಳಿದವನ್ನು ಓದಬೇಕಾದ ಮಗುವೇ ಜೋಡಿಸಲಿ, ಬೆಳಿಗ್ಗೆ, ಸ್ನಾನ ತಿಂಡಿ ಆದ ಮೇಲೆ. ಚಿಕ್ಕಪ್ಪನ ಫೋನನ್ನು ಸೀಟು ಸಿಕ್ಕಿದ ಮೇಲೆ ಎತ್ತಿದರಾಯಿತು.

ತಲೆಯಲ್ಲಿ ಹೊರುವುದನ್ನು ಕಾಗದಕ್ಕೆ ಇಳಿಸುವುದರ ಲಾಭ ಎಷ್ಟು ದೊಡ್ಡದು ಎಂಬುದಕ್ಕೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಒಂದು ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ತಾಳೆಪಟ್ಟಿ ಹೊರತಂದಿತು. ರೋಗಿಯ ಹೆಸರು ಸರಿಯೇ, ಕೊಯ್ಯಬೇಕಾದ ಜಾಗ ಸರಿಯೇ ಎಂಬಂಥ ಸರಳ ಪ್ರಶ್ನೆಗಳು. ದೆಹಲಿಯದೂ ಸೇರಿ 8 ನಗರಗಳ 8 ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ನುರಿತ ವೈದ್ಯರಿಗೇ ಪಟ್ಟಿ ಬೇಕು. ನಮ್ಮ ಮನೆಗಳಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಗೋಡೆಯ ಕ್ಯಾಲೆಂಡರು. ಹಾಲು ಬಾರದ ದಿನಕ್ಕೆ ಗುಣಾಕಾರ ಚಿಹ್ನೆ, ಗ್ಯಾಸ್ ಹಚ್ಚಿದ ದಿನಕ್ಕೆ ಸುತ್ತು, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಪಾಪುವಿನ ಲಸಿಕೆ. ಆ ಕ್ಯಾಲೆಂಡರ್ ಮೇಲಿನ ಕೈಬರಹ ಯಾರದ್ದು ಎಂದು ನೋಡಿದರೆ ಮನೆಯ ಗುಟ್ಟು ತಿಳಿಯುತ್ತದೆ.

ಆ ಗುಟ್ಟಿನ ಬಗ್ಗೆ ಸ್ವಲ್ಪ ಬಿಚ್ಚಿಯೇ ಮಾತಾಡುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಹೊತ್ತು 299 ನಿಮಿಷ, ಗಂಡಸರು 97. ಇದು ಕೈಕೆಲಸದ ಲೆಕ್ಕ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ನಾಳೆಯ ಡಬ್ಬಿಗೇನು, ಮಾವನ ಬಿಪಿ ಮಾತ್ರೆ ಎಷ್ಟು ಉಳಿದಿದೆ, ನಾದಿನಿಯ ಮಗುವಿನ ನಾಮಕರಣಕ್ಕೆ ಏನು ಕೊಡುವುದು ಎಂದು ಯೋಚಿಸುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ ಅಮೆರಿಕದ 35 ದಂಪತಿಗಳನ್ನು ಮಾತಾಡಿಸಿ 2019ರಲ್ಲಿ ಬರೆದ ಲೇಖನದಲ್ಲಿ ಇದನ್ನು ನಾಲ್ಕು ಹಂತವಾಗಿ ಬಿಡಿಸಿದ್ದಾರೆ: ಮುಂದೆ ಏನು ಬೇಕಾಗುತ್ತದೆಂದು ಮೊದಲೇ ಕಾಣುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೋ ಇಲ್ಲವೋ ಎಂದು ಗಮನಿಸುವುದು. ತೀರ್ಮಾನದ ಹಂತದಲ್ಲಿ ಗಂಡಂದಿರು ಬಂದು ಕೂತಿರುತ್ತಾರೆ. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಡತಿಯರ ಪಾಲು. ಅಮೆರಿಕದ ಈ ಮಾತು ಹಾಸನಕ್ಕೂ ಹುಬ್ಬಳ್ಳಿಗೂ ಹೊಂದುವುದಿಲ್ಲವೆಂದು ಎದ್ದು ಹೇಳುವ ಧೈರ್ಯ ಈ ಸಭೆಯಲ್ಲಿ ಯಾರಿಗಿದೆ?

"ರಾತ್ರಿಗೇನು ಮಾಡಲಿ?" ಎಂದು ಆಕೆ ಕೇಳುತ್ತಾಳೆ. "ಏನಾದರೂ ಮಾಡು, ನಂಗೇನಾದ್ರೂ ಆಗುತ್ತೆ" ಎಂದು ಈತ ಪತ್ರಿಕೆಯಿಂದ ತಲೆಯೆತ್ತದೆ ಹೇಳುತ್ತಾನೆ. ಹೆಂಡತಿಯನ್ನು ಕಾಡದ ಸರಳ ಜೀವಿ ತಾನು ಎಂಬ ಹೆಮ್ಮೆ ಬೇರೆ. ಆಕೆ ಕೇಳಿದ್ದು ಅನುಮತಿಯನ್ನಲ್ಲ. ಇವತ್ತಿನ ಒಂದು ತೀರ್ಮಾನವನ್ನು ನೀವು ಹೊತ್ತುಕೊಳ್ಳಿ ಎಂದು ಕೇಳಿದ್ದು. ಅದು ಹೋದ ಹಾಗೇ ವಾಪಸು ಬಂತು. ಅಡುಗೆಗೆ ಜನ ಇಟ್ಟುಕೊಂಡ ಮನೆಗಳಲ್ಲೂ ಇದು ತಪ್ಪುವುದಿಲ್ಲ. ಅಡುಗೆಯವರು ಬಂದು ಕೈತೊಳೆದು ಕೇಳುವ ಮೊದಲ ಮಾತು "ಅಕ್ಕಾ, ಇವತ್ತೇನು ಮಾಡಲಿ?" ಅಣ್ಣನನ್ನು ಅವರು ಕೇಳುವುದೇ ಇಲ್ಲ.

ಮಾರುಕಟ್ಟೆಗೆ ನಮ್ಮ ಈ ದಣಿವು ಚೆನ್ನಾಗಿ ಗೊತ್ತು. "ಎರಡೇ ಉಳಿದಿವೆ, ಬೇಗ ಮಾಡಿ" ಎಂದು ಕೆಂಪಕ್ಷರದಲ್ಲಿ ಅವಸರಿಸುವುದು, ನಾವು ಹಾಕದ ವಿಮೆಯನ್ನು ಟಿಕೆಟ್ಟಿನ ಜೊತೆ ಸದ್ದಿಲ್ಲದೆ ಸೇರಿಸುವುದು, ಬೇಡವೆನ್ನುವ ಗುಂಡಿಯ ಮೇಲೆ "ನನಗೆ ಉಳಿತಾಯ ಬೇಕಿಲ್ಲ" ಎಂದು ಬರೆದು ನಾಚಿಸುವುದು, ಎಲ್ಲವೂ ಸುಸ್ತಾದ ಬೆರಳು ತಪ್ಪು ಜಾಗ ಒತ್ತಲಿ ಎಂದೇ ಕಾಯುತ್ತವೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಯ ಕುತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ನಿಷೇಧದಿಂದ ಅವು ನಿಂತಿಲ್ಲ, ನಿಮ್ಮ ಫೋನು ತೆರೆದರೆ ಕಾಣುತ್ತದೆ. ರಾತ್ರಿ ಹತ್ತರ ಮೇಲೆ ಏನನ್ನೂ ಕೊಳ್ಳುವುದಿಲ್ಲ, ಬುಟ್ಟಿಗೆ ಹಾಕಿಟ್ಟು ಬೆಳಿಗ್ಗೆ ನೋಡುತ್ತೇವೆ ಎಂಬ ಒಂದೇ ಕಟ್ಟಳೆ ಇಟ್ಟುಕೊಂಡರೂ ಬೇಕಾದಷ್ಟು ದುಡ್ಡು ಉಳಿಯುತ್ತದೆ.

ಮುಗಿಸುವ ಮುನ್ನ ಇಲ್ಲಿರುವ ಎರಡು ಗುಂಪಿನವರಿಗೆ ಒಂದೊಂದು ಮನವಿ. ಮೊದಲನೆಯದು ಗಂಡಸರಿಗೆ. "ಹೇಳು, ಮಾಡಿಕೊಡ್ತೀನಿ" ಎನ್ನುವುದನ್ನು ಬಿಡಿ. ಹೇಳುವುದೇ ಅರ್ಧ ಕೆಲಸ. ಮನೆಯ ಒಂದು ಬಾಬತ್ತನ್ನು ಪೂರ್ತಿ ನಿಮ್ಮದಾಗಿ ಮಾಡಿಕೊಳ್ಳಿ. ಔಷಧಿಯಾದರೆ ಔಷಧಿ, ಬೆಳಗಿನ ತಿಂಡಿಯಾದರೆ ತಿಂಡಿ. ಮುಗಿಯುತ್ತ ಬಂದಿದೆ ಎಂದು ಗಮನಿಸುವುದರಿಂದ ಹಿಡಿದು ತಂದು ಜೋಡಿಸಿಡುವವರೆಗೆ. ಉಪ್ಪಿಟ್ಟು ಮೊದಲ ವಾರ ಗಂಟು ಗಂಟಾದರೆ ಹೆಂಗಸರು ನಡುವೆ ಬಾಯಿ ಹಾಕಬೇಡಿ, ತಿಂದು ಸುಮ್ಮನಿರಿ.

ಎರಡನೆಯದು ಶಾಲೆ ನಡೆಸುವವರಿಗೆ. ರಾತ್ರಿ ಒಂಬತ್ತೂವರೆಗೆ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ "ನಾಳೆ ಮಕ್ಕಳು ಹಳದಿ ಬಟ್ಟೆ ಹಾಕಿಕೊಂಡು, ಚಾರ್ಟ್ ಪೇಪರ್ ತರಬೇಕು" ಎಂದು ಸಂದೇಶ ಬರುತ್ತದೆ. ಆ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ, ಹಳದಿ ಅಂಗಿ ಒಗೆಯಲು ಬಿದ್ದಿರುತ್ತದೆ, ಇರುವ ದಾರಿಗಳನ್ನೆಲ್ಲ ಯೋಚಿಸಬೇಕಾದವಳು ಒಬ್ಬಳೇ ಇರುತ್ತಾಳೆ. ತಿಂಗಳಲ್ಲಿ ಯಾವ ದಿನ ಏನು ಬೇಕು ಎಂಬುದು ನಿಮಗೆ ತಿಂಗಳ ಮೊದಲೇ ಗೊತ್ತಿರುತ್ತದೆ. ದಯವಿಟ್ಟು ಅದನ್ನು ಒಂದನೇ ತಾರೀಖಿಗೇ ಒಂದು ಹಾಳೆಯಲ್ಲಿ ಬರೆದು ಮನೆಗೆ ಕಳಿಸಿ, ಅಪ್ಪ ಅಮ್ಮ ಇಬ್ಬರ ಹೆಸರಿಗೂ.